ಹಳೆ ವ್ಯಾನು ಹೊಗೆ ಪರೀಕ್ಷೆ ಪಾಸಾಯಿತು!

ಗ್ಯಾಸ್ ಒಲೆಯ ಉರಿ ನೀಲಿ ಬಣ್ಣ ಬಿಟ್ಟು ಹಳದಿಗೆ ತಿರುಗಿ, ಪಾತ್ರೆಯ ತಳ ಕಪ್ಪಾಗತೊಡಗಿದರೆ ನೀವೇನು ಮಾಡುತ್ತೀರಿ? ಬರ್ನರ್ ತೆಗೆದು ತೂತುಗಳನ್ನು ಸ್ವಚ್ಛ ಮಾಡುತ್ತೀರಿ. ಉರಿಗೆ ಗಾಳಿ ಸಾಲದಾಗಿದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೋಟಾರಿನ ಹೊಗೆಯ ಕಥೆಯೂ ಇಷ್ಟೇ ಎಂದು ನನಗೆ ತಿಳಿದದ್ದು ನಮ್ಮ ಮಾರುತಿ ಓಮ್ನಿ ವ್ಯಾನಿಗೆ ಹದಿನೈದು ವರ್ಷ ತುಂಬಿದಾಗ.

ನಾವಿರುವುದು ಕೊಗನೊಳ್ಳಿಯಲ್ಲಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಆ ಕಡೆ ಹೋದರೆ ಕಾಗಲ, ಈ ಕಡೆ ನಿಪ್ಪಾಣಿ. ದಮ್ಮಿನ ತ್ರಾಸಿರುವ ನಮ್ಮ ಅತ್ತೆಯವರನ್ನು ನಿಪ್ಪಾಣಿಯ ದವಾಖಾನೆಗೆ ಕರೆದೊಯ್ಯಲು ಈ ವ್ಯಾನೇ ನಮಗೆ ಆಧಾರ. 2008ರ ಗಾಡಿ, ನಮ್ಮ ಮನೆಯವರು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೊದಲಿನ ಮಾಲೀಕರು ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿ, ಹಿಂದಿನ ಸೀಟಿನ ಹತ್ತಿರ ಅಡಿಗೆಮನೆಯ ಸಿಲಿಂಡರ್ ಇಡಲು ಜಾಗ ಮಾಡಿದ್ದರು. ಆರ್‌ಸಿಯಲ್ಲಿ ಮಾತ್ರ ಬರೀ ‘ಪೆಟ್ರೋಲ್’ ಎಂದಿತ್ತು.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಮಗೆ ಚಿಕ್ಕೋಡಿಯ ಆರ್‌ಟಿಓ ಕಚೇರಿ. ಅಲ್ಲಿಗೆ ಹೋಗುವ ಮೊದಲು ವಿಮೆ ಬೇಕು, ಪಿಯುಸಿ ಬೇಕು. ಕಾಲೇಜಿನ ಪಿಯುಸಿ ಅಲ್ಲ, ಹೊಗೆ ತಪಾಸಣೆಯ ಪ್ರಮಾಣಪತ್ರ!

ಪರಿಚಯದವನೊಬ್ಬ ಹೇಳಿದ: “ಗಾಡಿ ತರೂದು ಬ್ಯಾಡ್ರಿ ಅಕ್ಕಾರ, ನಂಬರ ಹೇಳ್ರಿ ಸಾಕು, ಕಾಗದ ಮನಿಗೇ ಬರ್ತೈತಿ.” ನಮ್ಮ ಮನೆಯವರಿಗೂ ಅದೇ ಸುಲಭ ಎನಿಸಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯವರು ಕೆಮ್ಮುತ್ತಲೇ ಕೇಳಿದರು: “ಕಾಗದ ಪಾಸಾದ್ರ ನನ್ನ ದಮ್ಮು ಕಡಿಮಿ ಆಕ್ಕೈತೇನವಾ?” ನಾವು ಯಾರೂ ಉತ್ತರ ಕೊಡಲಿಲ್ಲ. ಮರುದಿನ ಗಾಡಿಯನ್ನೇ ಒಯ್ದೆವು.

ಯಂತ್ರದ ನಳಿಕೆಯನ್ನು ಸೈಲೆನ್ಸರಿನೊಳಗೆ ಇಟ್ಟರು. ಕಾರ್ಬನ್ ಮೊನಾಕ್ಸೈಡ್ ಶೇಕಡಾ 2.1 ತೋರಿಸಿತು. ನಮ್ಮ ಗಾಡಿಯ ಕಾಲದ ಪೆಟ್ರೋಲ್ ಕಾರಿಗೆ ಇರುವ ಮಿತಿ 0.5! ನಪಾಸಾದ ಚೀಟಿ ಕೈಗೆ ಬಂತು. 2021ರ ಜೂನ್‌ನಲ್ಲಿ ದೇಶಕ್ಕೆಲ್ಲ ಒಂದೇ ನಮೂನೆಯ ಪ್ರಮಾಣಪತ್ರ ಗೊತ್ತುಮಾಡಿದಾಗಲೇ ಈ ಚೀಟಿಯೂ ಬಂತು. ಇದನ್ನು ಕಂಡು ನಾಚಿಕೆ ಪಡಬೇಡಿ. ವೈದ್ಯರ ಚೀಟಿಯಂತೆ ನೇರವಾಗಿ ಮೇಸ್ತ್ರಿಗೆ ತೋರಿಸಿ.

ಮೇಸ್ತ್ರಿ ನೋಡಿದ ಕೂಡಲೇ ಹೇಳಿದ. ಗ್ಯಾಸ್ ಬಳಸುವುದನ್ನು ಬಿಟ್ಟರೂ ಅದರ ಮಿಕ್ಸರ್ ಗಾಳಿಯ ದಾರಿಯಲ್ಲಿ ಹಾಗೇ ಉಳಿದಿತ್ತು. ಏರ್ ಫಿಲ್ಟರಿನಲ್ಲಿ ಹೆದ್ದಾರಿಯ ಧೂಳೆಲ್ಲ ತುಂಬಿತ್ತು. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಅರ್ಧ ಸುಟ್ಟ ಪೆಟ್ರೋಲೇ ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಗೆ ಬರುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಲೇಬೇಡಿ.

ಇನ್ನು ಕಿಟ್ಟಿನ ಮಾತು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಬೇಕು. ದಾರಿ ಎರಡೇ. ಮಂಜೂರಾದ ಕಿಟ್ಟನ್ನು ಮಾನ್ಯತೆ ಇರುವವರಲ್ಲಿ ಹಾಕಿಸಿ ಬರೆಸುವುದು, ಇಲ್ಲವೇ ತೆಗೆಸಿಬಿಡುವುದು. ನಾವು ತೆಗೆಸಿದೆವು. ಅಡಿಗೆ ಸಿಲಿಂಡರಿನ ಆಸೆಯಂತೂ ಬೇಡ. ಕಾರಿನ ಗ್ಯಾಸ್ ಟಾಕಿ ಶೇಕಡಾ 80 ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವಂತೆ ಮಾಡಿರುತ್ತಾರೆ, ಅಲುಗದಂತೆ ಬಿಗಿದಿರುತ್ತಾರೆ. ನಮ್ಮ 14.2 ಕಿಲೋ ಸಿಲಿಂಡರ್ ಒಂದು ಮೂಲೆಯಲ್ಲಿ ಸುಮ್ಮನೆ ನಿಲ್ಲಲು ಮಾಡಿದ್ದು. ಮಕ್ಕಳ ಬೆನ್ನ ಹಿಂದೆ ಅದನ್ನು ಕುಲುಕಿಸುತ್ತಾ ಓಡುವುದೇ?

ಕಿಟ್ ತೆಗೆದು, ಏರ್ ಫಿಲ್ಟರ್, ಪ್ಲಗ್ ಹೊಸವು ಹಾಕಿ, ಎಂಜಿನ್ ಆಯಿಲ್ ಬದಲಾಯಿಸಿದ್ದಾಯಿತು. ತವೆ ಕಾಯದೆ ರೊಟ್ಟಿ ಹಾಕಿದರೆ ಹೇಗೆ ಬೇಯುವುದಿಲ್ಲವೋ ಹಾಗೆ, ಎಂಜಿನ್ ಬಿಸಿಯಾಗದೆ ಹೊಗೆ ಶುದ್ಧವಾಗುವುದಿಲ್ಲ. ಸೈಲೆನ್ಸರಿನ ದಾರಿಯಲ್ಲಿರುವ ಹೊಗೆ ಶುದ್ಧೀಕರಿಸುವ ಕನ್ವರ್ಟರ್ ಕಾದ ಮೇಲೆಯೇ ಕೆಲಸ ಮಾಡುತ್ತದೆ. ಆದ್ದರಿಂದ ಕೊಗನೊಳ್ಳಿಯಿಂದ ನಿಪ್ಪಾಣಿಗೆ ಓಡಿಸಿಕೊಂಡು ಹೋಗಿ, ಎಂಜಿನ್ ಆರುವ ಮೊದಲೇ ತೋರಿಸಿದೆವು. ಬಂದದ್ದು 0.3. ಪಾಸ್! ಚಿಕ್ಕೋಡಿಯಲ್ಲೂ ಕಾಗದ, ಗಾಡಿ ಎರಡೂ ತಾಳೆಯಾದವು.

ಗೃಹಿಣಿಯರೇ, ಇವನ್ನು ನೆನಪಿಡಿ:

* ಹಳೆಯ ಗಾಡಿಗಳ ಪಿಯುಸಿ ಆರು ತಿಂಗಳಿಗೆ ಮುಗಿಯುತ್ತದೆ. ಬಿಎಸ್ 4 ಮತ್ತು ಬಿಎಸ್ 6 ಗಾಡಿಗಳದ್ದು ಒಂದು ವರ್ಷಕ್ಕೆ. ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
* ಮಿತಿ ಮೀರಿದ ಹೊಗೆಗೆ 2019ರ ತಿದ್ದುಪಡಿಯಲ್ಲಿ 10,000 ರೂ. ವರೆಗೆ ದಂಡವಿದೆ.
* ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂ. ಇದ್ದದ್ದು 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಇನ್ನೂ ಏರಿತು. ಮೊದಲೇ ವಿಚಾರಿಸಿ ಹಣ ತೆಗೆದಿಡಿ.
* ಹಳೆ ಗಾಡಿ ಕೊಳ್ಳುವಾಗ ಆರ್‌ಸಿಯಲ್ಲಿ ಇದ್ದದ್ದು ಗಾಡಿಯಲ್ಲಿದೆಯೇ, ಗಾಡಿಯಲ್ಲಿದ್ದದ್ದು ಆರ್‌ಸಿಯಲ್ಲಿದೆಯೇ ನೋಡಿ.

ಅತ್ತೆಯವರ ದಮ್ಮು ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಅದಕ್ಕೆ ಔಷಧ ನಡೆದೇ ಇದೆ. ಆದರೆ ವ್ಯಾನು ಹತ್ತುವಾಗ ಈಗ ಸೆರಗು ಮೂಗಿಗೆ ಹಿಡಿಯುವುದಿಲ್ಲ. ದುಡ್ಡು ಕೊಟ್ಟರೆ ಕಾಗದ ಬರಬಹುದು, ಒಳ್ಳೆಯ ಗಾಳಿ ಬಂದೀತೇ? ನಿಮ್ಮ ಮನೆಯ ಗಾಡಿಯ ಪಿಯುಸಿ ಯಾವ ತಾರೀಖಿಗೆ ಮುಗಿಯುತ್ತದೆ? ಇವತ್ತೇ ತೆಗೆದು ನೋಡುತ್ತೀರಲ್ಲವೇ?