ಮೂರು ಮೀಟರ್ ನಡಿಗೆಯ ಲೆಕ್ಕ

ಮೊಳಕಾಲ್ಮೂರಿನ ಗುಂಡಿಮಗ್ಗದಲ್ಲಿ ಕೂತು ಆಯುಷ್ಯವಿಡೀ ರೇಷ್ಮೆ ಸೀರೆ ನೇಯ್ದ ಅಜ್ಜನೊಬ್ಬನನ್ನು ಊಹಿಸಿಕೊಳ್ಳಿ. ಈಗೀಗ ಪಾದ ನೆಲಕ್ಕೆ ಅಂಟಿಕೊಂಡಂತೆ ನಡೆಯುತ್ತಾನೆ. ಕಾಲು ಅಗಲಿಸಿ ಪುಟ್ಟ ಪುಟ್ಟ ಹೆಜ್ಜೆ. ಹಿಂದಕ್ಕೆ ತಿರುಗಬೇಕೆಂದರೆ ಎರಡು ಮೂರು ಹೆಜ್ಜೆಯ ಕೆಲಸಕ್ಕೆ ಏಳೆಂಟು ಬೇಕು. ‘ವಯಸ್ಸಾತಲ್ಲ’ ಎನ್ನುತ್ತಾರೆ ಮನೆಯವರು. ಊರ ಹೆಸರಲ್ಲೇ ಮೊಳಕಾಲಿರುವಾಗ ಅನುಮಾನ ಮಂಡಿಯ ಮೇಲೆ ಹೋಗುವುದೂ ಸಹಜವೇ! ಆದರೆ ಜೊತೆಗೆ ಮರೆವು, ಮೂತ್ರ ತಡೆಯಲಾಗದ ಫಜೀತಿ ಸೇರಿದರೆ ತಲೆಯ ಕಡೆ ನೋಡಬೇಕು.

ಮಿದುಳಿನ ಕುಹರಗಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಹುಟ್ಟುತ್ತದೆ. ಒಮ್ಮೆಗೆ ಇರುವುದು 150 ಮಿ.ಲೀ. ಆಸುಪಾಸು; ಹಳೆಯದು ರಕ್ತಕ್ಕೆ ಹಿಂಗುತ್ತಿರುತ್ತದೆ. ಈ ಹರಿವು ಕೆಟ್ಟು ಕುಹರಗಳು ಉಬ್ಬಿದರೆ ಅದು ಹೈಡ್ರೋಸೆಫಾಲಸ್. ಒತ್ತಡ ಅಳೆದರೆ ಸರಿಯಾಗಿಯೇ ಕಾಣುವ, ಹೆಚ್ಚಾಗಿ ವೃದ್ಧರಿಗೆ ಬರುವ ಬಗೆಯನ್ನು 1965ರಲ್ಲಿ ಕೊಲಂಬಿಯಾದ ಸಲೊಮೋನ್ ಹಕೀಮ್, ಅಮೆರಿಕದ ರೇಮಂಡ್ ಆಡಮ್ಸ್ ವಿವರಿಸಿದರು.

ಅಜ್ಜನದೂ ಇದೇ ಬಗೆಯೇ ಎಂದು ನೋಡುವ ಪರೀಕ್ಷೆ ಹೀಗೆ: ಬೆನ್ನಿನ ಕೆಳಭಾಗಕ್ಕೆ ಸೂಜಿ ಹಾಕಿ 30ರಿಂದ 50 ಮಿ.ಲೀ. ದ್ರವ ತೆಗೆಯುತ್ತಾರೆ. ನಡಿಗೆ ಸುಧಾರಿಸಿದರೆ, ದ್ರವವನ್ನು ಹೊಟ್ಟೆಗೆ ಹರಿಸುವ ಶಂಟ್ ಕೊಳವೆ ಫಲ ಕೊಡುವ ಸಂಭವ ಹೆಚ್ಚು. ಸುಧಾರಿಸದಿದ್ದರೂ ಶಂಟ್ ವ್ಯರ್ಥವೆಂದೇನೂ ಅಲ್ಲ.

ತೊಡಕಿರುವುದು ‘ಸುಧಾರಿಸಿತು’ ಎಂಬ ಮಾತಿನಲ್ಲೇ. ಸೂಜಿಯ ನೋವುಂಡ ಅಜ್ಜನಿಗೂ, ಕಾದು ಕೂತ ಮಗನಿಗೂ ಆಸೆಯಿರುತ್ತದೆ. ಆಸೆಯ ಕಣ್ಣಿಗೆ ಹೆಜ್ಜೆ ಚುರುಕಾಗಿ ಕಾಣುತ್ತದೆ. ಆದ್ದರಿಂದ ಕುರ್ಚಿಯಿಂದ ಏಳಿಸಿ, ಮೂರು ಮೀಟರ್ ನಡೆಸಿ, ತಿರುಗಿಸಿ, ಮತ್ತೆ ಕೂರಿಸಿ ಗಡಿಯಾರ ನೋಡುತ್ತಾರೆ. 1991ರಿಂದ ಬಳಕೆಯಲ್ಲಿರುವ ಸರಳ ಪರೀಕ್ಷೆ ಇದು. ಸೂಜಿಗೆ ಮುಂಚೆ, ಆಮೇಲೆ, ಎರಡೂ ಸಲ ಒಂದೇ ಕುರ್ಚಿ, ಅದೇ ಚಪ್ಪಲಿ. ಒಂದೇ ನಡಿಗೆಯ ಸೆಕೆಂಡು ನಂಬದೆ ಎರಡು ಮೂರು ಸಲ ನಡೆಸುವುದು ಒಳ್ಳೆಯದು.

ಗಡಿಯಾರ ಹೇಳುವುದು ಒಟ್ಟು ಹೊತ್ತನ್ನಷ್ಟೇ. ತಡವಾದದ್ದು ಏಳುವಾಗಲೋ, ತಿರುಗುವಾಗಲೋ? ಇದನ್ನು ತಿಳಿಯಲು ಸೊಂಟಕ್ಕೆ ಕಟ್ಟುವ ಪುಟ್ಟ ಸೆನ್ಸರ್ ಬಂದಿದೆ. ಚಳ್ಳಕೆರೆಯ ವರವು ಕಾವಲಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ವಲಯದಿಂದ ಮೇಲೇರುವ ಡ್ರೋನ್ ತಾನು ಎತ್ತ ವಾಲಿದ್ದೇನೆಂದು ತಿಳಿಯುವುದು ಯಾವ ಜಾತಿಯ ಉಪಕರಣದಿಂದಲೋ, ಇದೂ ಅದೇ ಜಾತಿ: ವೇಗದ ಏರಿಳಿತವನ್ನೂ ತಿರುಗುವಿಕೆಯನ್ನೂ ಹಿಡಿಯುವ ಚಿಪ್. ನಿಮ್ಮ ಮೊಬೈಲಿನಲ್ಲೂ ಇದೆ. ಕಣ್ಣು ಮುಚ್ಚಿ ನಿಂತವರ ತೂರಾಟವನ್ನೂ ಅದು ಅಂಕಿಯಾಗಿಸುತ್ತದೆ.

ಅಜ್ಜನನ್ನು ಇನ್ನೂರು ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿಗೆ ಕರೆದೊಯ್ಯುವ ಮುನ್ನ ಪಡಸಾಲೆಯಲ್ಲಿ ಒಮ್ಮೆ ನಡೆಸಿ, ತಿರುಗಿಸಿ, ಮೊಬೈಲಿನಲ್ಲಿ ವಿಡಿಯೊ ಹಿಡಿದುಕೊಳ್ಳಿ, ಪಾದ ಕಾಣುವಂತೆ. ಪಂಚೆ ಸ್ವಲ್ಪ ಎತ್ತಿ ಕಟ್ಟಲು ಹೇಳಿ.