ಕ್ರಿಯೋಲ್: ಹೈಟಿಯಿಂದ ಕುಪವಾಡದವರೆಗೆ

ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಜನ ಒಂದೇ ಕಡೆ ದುಡಿಯಬೇಕಾದಾಗ, ಕೆಲಸ ಸಾಗುವಷ್ಟು ಮಾತನ್ನು ಹೇಗೋ ಕಟ್ಟಿಕೊಳ್ಳುತ್ತಾರೆ. ಅದು ಪಿಜಿನ್. ಮುಂದೆ ಅದೇ ಮಕ್ಕಳ ತಾಯ್ನುಡಿಯಾಗಿ, ಜಗಳಕ್ಕೂ ಜೋಗುಳಕ್ಕೂ ಸಾಲುವಂತೆ ಬೆಳೆದರೆ ಕ್ರಿಯೋಲ್. ಆಫ್ರಿಕದ ಹತ್ತಾರು ನುಡಿಗಳ ಜನರನ್ನು ಗುಲಾಮರನ್ನಾಗಿ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸಿದಾಗ ಹೀಗೆ ಹಲವು ನುಡಿಗಳು ಹುಟ್ಟಿದವು.

ಹೈಟಿಯವರದು ಕೆಟ್ಟ ಫ್ರೆಂಚು, ಜಮೈಕಾದವರದು ಹರಕು ಇಂಗ್ಲಿಷು ಎಂದು ತೀರ್ಪು ಕೊಡುವವರು ಎಡವುವುದು ಒಂದೇ ಕಡೆ. ಅವರು ಪದಗಳನ್ನು ನೋಡುತ್ತಾರೆ, ವಾಕ್ಯ ನಡೆಯುವ ಬಗೆಯನ್ನು ನೋಡುವುದಿಲ್ಲ. ಹೈಟಿಯ ಕ್ರಿಯೋಲಿನಲ್ಲಿ ‘ಮಾಂಜೆ’ ಎಂದರೆ ತಿನ್ನು; ಪದ ಫ್ರೆಂಚಿನದು. ನಾನು, ನೀನು, ಅವರು, ಯಾರು ತಿಂದರೂ ಅದರ ರೂಪ ಬದಲಾಗದು. ಕಾಲವನ್ನು ಹೇಳುವುದು ಅದರ ಮುಂದೆ ಬರುವ ಪುಟ್ಟ ಪದಗಳು. ‘ಮ್ವೆ ಮಾಂಜೆ’ ಎಂದರೆ ನಾನು ತಿಂದೆ. ನಡುವೆ ‘ತೆ’ ಸೇರಿದರೆ ತಿಂದಿದ್ದೆ. ‘ಆಪ್’ ಸೇರಿದರೆ ತಿನ್ನುತ್ತಿದ್ದೇನೆ. ಎರಡೂ ಕೂಡಿ ‘ತಾಪ್’ ಆದರೆ ತಿನ್ನುತ್ತಿದ್ದೆ. ಇವುಗಳನ್ನು ಅದಲುಬದಲು ಮಾಡಿದರೆ ಅಲ್ಲಿನ ಐದು ವರ್ಷದ ಮಗುವೂ ತಪ್ಪು ಎನ್ನುತ್ತದೆ. ಎಂಥ ಅಚ್ಚುಕಟ್ಟು! ಹೈಟಿ ಸ್ವತಂತ್ರವಾದದ್ದು 1804ರಲ್ಲಿ. ಈ ನುಡಿಗೆ ಸಂವಿಧಾನ ಫ್ರೆಂಚಿನ ಜೊತೆ ಸಮಾನ ಸ್ಥಾನ ಕೊಟ್ಟದ್ದು 1987ರಲ್ಲಿ.

ಬೆರೆತದ್ದು ನುಡಿಯೊಂದೇ ಅಲ್ಲ. 1845ರಿಂದ ಕೂಲಿ ಕರಾರಿನ ಮೇಲೆ ಟ್ರಿನಿಡಾಡ್‌ಗೆ ಹೋದ ಭಾರತೀಯರ ಮೊಹರಂ ಅಲ್ಲಿ ‘ಹೋಸೆ’ಯಾಗಿ, ಎಲ್ಲ ಜನಾಂಗಗಳೂ ಸೇರುವ ಮೆರವಣಿಗೆಯಾಗಿ ಬೆಳೆಯಿತು. ನಮ್ಮ ಉತ್ತರ ಕರ್ನಾಟಕದ ಊರುಗಳ ಮೊಹರಂ ಕಂಡವರಿಗೆ ಇದು ಹೊಸತೆನಿಸದು.

ಕನ್ನಡದ ಮಗ್ಗುಲಲ್ಲೇ ಇಂಥದೊಂದು ನುಡಿಬೆರಕೆ ನಡೆದಿದೆ; ಅದರ ವಿವರ ಸಿಗುವುದು ಒಂದು ಲೇಖನದಲ್ಲಿ. 1968ರಲ್ಲಿ ಜಮೈಕಾದ ಮೋನಾದಲ್ಲಿ ಪಿಜಿನ್ ಮತ್ತು ಕ್ರಿಯೋಲ್ ಕುರಿತು ದೊಡ್ಡ ಸಮ್ಮೇಳನ ನಡೆಯಿತು. ಅದರ ಫಲವಾಗಿ 1971ರಲ್ಲಿ ಬಂದ ಸಂಪುಟದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಬರೆದ ಲೇಖನ ಸಾಂಗಲಿ ಜಿಲ್ಲೆಯ ಕುಪವಾಡವೆಂಬ ಗಡಿಭಾಗದ ಊರಿನದು. ಆಗ ಸುಮಾರು ಮೂರು ಸಾವಿರ ಜನರಿದ್ದ ಊರು. ಜಮೀನುಳ್ಳ ಜೈನರದು ಕನ್ನಡ, ಮುಸ್ಲಿಮರದು ಉರ್ದು, ದಲಿತರದೂ ಭೂಮಿಯಿಲ್ಲದ ಕೂಲಿಕಾರರದೂ ಮರಾಠಿ, ಹಗ್ಗ ಹೊಸೆಯುವವರದು ತೆಲುಗು.

ಇಲ್ಲಿ ಆದದ್ದು ಹೈಟಿಗೆ ತಿರುವುಮುರುವು. ಪದಗಳು ಬಹುಮಟ್ಟಿಗೆ ಅವರವರವೇ ಉಳಿದವು, ವ್ಯಾಕರಣಗಳು ಒಂದಕ್ಕೊಂದು ಹತ್ತಿರವಾದವು. ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಕುಪವಾಡದ ಮರಾಠಿಯಲ್ಲಿ ಕನ್ನಡದಂತೆ ನಪುಂಸಕ. ನಾವು ‘ಇದು ನಿಮ್ಮ ಮನೆ’ ಎಂದು ನಿಲ್ಲಿಸುತ್ತೇವೆ. ಕುಪವಾಡದ ಕನ್ನಡ ಮರಾಠಿ, ಉರ್ದುಗಳ ಜಾಡು ಹಿಡಿದು ಕೊನೆಗೆ ‘ಐತಿ’ಯನ್ನೂ ಸೇರಿಸುತ್ತದೆ. ಹೀಗೆ ಒಂದು ನುಡಿಯ ವಾಕ್ಯದಲ್ಲಿ ಪದಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಇನ್ನೊಂದು ನುಡಿಯ ವಾಕ್ಯವೇ ಸಿಗುವಷ್ಟು ಸಾಮೀಪ್ಯ ಬಂತು.

ಹಾಗಾದರೆ ಪದಗಳೂ ಏಕೆ ಬೆರೆತು ಒಂದೇ ನುಡಿಯಾಗಲಿಲ್ಲ? ಮನೆಯೊಳಗಿನ ಮಾತು ಜಾತಿ, ಮತಗಳ ಗುರುತಾಗಿತ್ತು. ಅದನ್ನು ಬಿಡಲು ಯಾರೂ ಸಿದ್ಧರಿರಲಿಲ್ಲ. ಹೊಲದಲ್ಲಿ, ಬೀದಿಯಲ್ಲಿ ದಿನವೂ ಒಂದರಿಂದ ಇನ್ನೊಂದಕ್ಕೆ ಹೊರಳುವ ನಾಲಿಗೆಗೆ ಮಾತ್ರ ಒಂದೇ ವ್ಯಾಕರಣ ಹಗುರ. ಹೈಟಿಯ ಗುಲಾಮರಿಗೆ ತಮ್ಮ ನುಡಿಯನ್ನು ಹೀಗೆ ಮನೆಯೊಳಗೆ ಕಾಯ್ದುಕೊಳ್ಳುವ ಅವಕಾಶವೇ ಕಡಿಮೆಯಿತ್ತು.

ನಮ್ಮ ಗೆಂಡೆಹಳ್ಳಿ, ಬೇಲೂರು ಕಡೆಯ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ತಮಿಳು, ತುಳು, ಮಲಯಾಳಗಳು ಕನ್ನಡದ ಜೊತೆ ಬಾಳಿವೆ. ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯ ಮಾತುಗಳೂ ಬಂದಿವೆ. ಇಲ್ಲಿ ಕ್ರಿಯೋಲ್ ಹುಟ್ಟಿಲ್ಲ. ಮಕ್ಕಳು ಶಾಲೆಯಲ್ಲಿ ಕನ್ನಡವನ್ನೇ ಕಲಿಯುತ್ತಾರೆ. ಆದರೆ ಹಣ್ಣು ಕುಯ್ಯುವಾಗ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೊಸಬರಿಗೆ ಕೆಲಸ ಹೇಳುವ ಕನ್ನಡದಲ್ಲಿ ಯಾವ ಪ್ರತ್ಯಯ ಉದುರುತ್ತದೆ, ಯಾವುದು ನಿಲ್ಲುತ್ತದೆ? ಬಂದವರು ಮರಳಿ ಹೇಳುವಾಗ ಕ್ರಿಯಾಪದ ಎಲ್ಲಿ ಕೂರುತ್ತದೆ? ಬೇಲೂರು, ಅರಸೀಕೆರೆಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಎರವಲು ಪದಗಳ ಪಟ್ಟಿಗೆ ನಿಲ್ಲಬೇಡಿ. ಆಡುವವರ ಒಪ್ಪಿಗೆ ಪಡೆದು ಇಡೀ ವಾಕ್ಯಗಳನ್ನೇ ಧ್ವನಿಮುದ್ರಿಸಿಕೊಳ್ಳಿ, ಯಾರು ಯಾರಿಗೆ ಯಾವಾಗ ಹೇಳಿದ್ದೆಂದು ಪಕ್ಕದಲ್ಲೇ ಬರೆದಿಡಿ.