ವಾಣಿಜ್ಯ ಪದವಿಯೂ ಪರಭಾಷಾ ವ್ಯಾಸಂಗವೂ

ತಮಿಳುನಾಡಿನಲ್ಲಿ ಹೊಸೂರಿನ ಬಳಿಯಿರುವ ಕೆಲಮಂಗಲದ ಸುತ್ತಿನ ರೈತನು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ತಾಲ್ಲೂಕು ಕಚೇರಿಯಲ್ಲಿ ತಮಿಳಿನಲ್ಲಿ ಅರ್ಜಿ ಸಲ್ಲಿಸಿ, ಮಂಡಿಯ ಸಾಹೇಬರೊಡನೆ ಉರ್ದುವಿನ ನಾಲ್ಕು ಮಾತಾಡಿ ಟೊಮೆಟೊವಿನ ದರ ಕುದುರಿಸಿಕೊಂಡು ಬರುವುದುಂಟು. ಈ ಬಹುಭಾಷಾ ಸಾಮರ್ಥ್ಯಕ್ಕೆ ಯಾವ ವಿಶ್ವವಿದ್ಯಾನಿಲಯವೂ ಅಂಕ ಕೊಟ್ಟದ್ದಿಲ್ಲ. ಅವನ ಮಗಳು ಹೊಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿ ಬಿ.ಕಾಂ. ತರಗತಿಗೆ ಸೇರಿದಾಗಲಾದರೋ, ಭಾಷೆಯೆಂಬುದು ಪ್ರಶ್ನಪತ್ರಿಕೆಯಾಗಿ ಎದುರು ನಿಲ್ಲುತ್ತದೆ.

ತಮಿಳುನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಪದವಿಶಿಕ್ಷಣವು ಭಾಗಗಳಾಗಿ ವಿಭಕ್ತವಾಗಿದೆ: ಮೊದಲನೆಯದು ತಮಿಳು ಅಥವಾ ಅದಕ್ಕೆ ಬದಲಾಗಿ ಬೇರೊಂದು ಭಾಷೆ, ಎರಡನೆಯದು ಇಂಗ್ಲಿಷು, ಮೂರನೆಯದು ಲೆಕ್ಕಶಾಸ್ತ್ರಾದಿ ಮುಖ್ಯ ವಿಷಯಗಳು. ವಿದ್ಯಾರ್ಥಿಗಳ ಬಾಯಲ್ಲಿ 'ಪಾರ್ಟ್ ಒನ್' ಎನಿಸಿಕೊಂಡ ಆ ಮೊದಲ ಭಾಗದಲ್ಲಿ, ಮದರಾಸು ವಿಶ್ವವಿದ್ಯಾನಿಲಯದ ಪಟ್ಟಿಯಂತೆ, ಕನ್ನಡ, ತೆಲುಗು, ಸಂಸ್ಕೃತಗಳ ಪಕ್ಕದಲ್ಲಿಯೇ ಫ್ರೆಂಚಿಗೂ ಸ್ಥಾನವುಂಟು. ಅನೇಕ ಕಡೆ ಬಿ.ಕಾಂ., ಬಿ.ಬಿ.ಎ. ವಿದ್ಯಾರ್ಥಿಗಳಿಗೆ ಭಾಷಾಪಾಠವು ಮೊದಲ ವರ್ಷಕ್ಕೇ ಮುಗಿಯುತ್ತಿದ್ದುದರಿಂದ, ಎರಡನೆಯ ವರ್ಷದಲ್ಲಿಯೂ ತಮಿಳು ಇರತಕ್ಕದ್ದೆಂದು ರಾಜ್ಯ ಸರ್ಕಾರವು 2022ರಲ್ಲಿ ಸೂಚಿಸಿತು. ಇತ್ತ ಕರ್ನಾಟಕವು 2021ರಲ್ಲಿ ಪದವಿ ತರಗತಿಗಳಿಗೆ ಕನ್ನಡವನ್ನು ಕಡ್ಡಾಯಗೊಳಿಸಿದಾಗ, ಉಚ್ಚ ನ್ಯಾಯಾಲಯವು ಒಲ್ಲದವರನ್ನು ಬಲವಂತಪಡಿಸಕೂಡದೆಂದು ಮಧ್ಯಂತರ ಆದೇಶ ನೀಡಿತು.

ಇಂತಿರಲು, ವ್ಯಾಪಾರವನ್ನು ಓದುವವನು ಫ್ರೆಂಚನ್ನೇಕೆ ಆಯ್ದುಕೊಳ್ಳುತ್ತಾನೆ? ಪ್ಯಾರಿಸಿನ ವರ್ತಕರೊಡನೆ ಪತ್ರವ್ಯವಹಾರ ನಡೆಸುವ ಹಂಬಲದಿಂದಲ್ಲ. ಫ್ರೆಂಚು ಬಹುಮಟ್ಟಿಗೆ ಅಕ್ಷರಮಾಲೆಯಿಂದಲೇ ಆರಂಭವಾಗುವುದರಿಂದ ಪರೀಕ್ಷೆ ಸುಲಭ. ತಮಿಳು, ಕನ್ನಡಗಳಾದರೆ ಹಳೆಯ ಕಾವ್ಯ, ವ್ಯಾಕರಣ, ಪ್ರಬಂಧಗಳು ಕಾದಿರುತ್ತವೆ. ಅಂಕಗಳಿಗಾಗಿ ಕಲಿತ ಫ್ರೆಂಚು ಫಲಿತಾಂಶ ಬಂದ ವಾರದಲ್ಲೇ ಮರೆತುಹೋಗುತ್ತದೆ. ಇದಕ್ಕೆ ಹುಡುಗರನ್ನು ದೂರುವುದು ನ್ಯಾಯವಲ್ಲ. ಅಂತಹ ವ್ಯವಸ್ಥೆಯನ್ನು ಕಟ್ಟಿದವರು ಹಿರಿಯರೇ ಅಲ್ಲವೆ?

ಆದರೆ ಪರಭಾಷೆಗೆ ಈ ಸೀಮೆಯಲ್ಲಿ ಕೆಲಸವೇ ಇಲ್ಲವೆಂದಲ್ಲ. ಹೊಸೂರಿನ ಟೈಟನ್ ಕಾರ್ಖಾನೆಯು ಆರಂಭದಲ್ಲಿ ಫ್ರಾನ್ಸಿನ ಗಡಿಯಾರ ಸಂಸ್ಥೆಯೊಂದರ ತಾಂತ್ರಿಕ ನೆರವನ್ನು ಪಡೆದಿತ್ತು, ಟಿ.ವಿ.ಎಸ್. ಸಂಸ್ಥೆಯು 1980ರ ದಶಕದಿಂದ 2001ರ ವರೆಗೆ ಜಪಾನಿನ ಸುಜುಕಿಯೊಡನೆ ಪಾಲುಗಾರಿಕೆಯಲ್ಲಿದ್ದು, 2013ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಮೋಟಾರುಸೈಕಲ್ ವಿಭಾಗದ ಕೈ ಹಿಡಿಯಿತು. ಇನ್ನು ಇಲ್ಲಿಯ ಪಾಲಿಹೌಸುಗಳ ಗುಲಾಬಿಯಂತೂ, ದಂಟಿನ ಉದ್ದ, ಮೊಗ್ಗಿನ ಗಾತ್ರಗಳನ್ನು ನೋಡಿ ವಿಂಗಡಿಸಲ್ಪಟ್ಟು, ಕಟ್ಟುಕಟ್ಟಾಗಿ ರಟ್ಟಿನ ಪೆಟ್ಟಿಗೆ ಸೇರಿ, ಫೆಬ್ರವರಿ 14ರ ಮುನ್ನ ಬೆಂಗಳೂರಿನಿಂದ ಹೊರದೇಶಗಳಿಗೆ ವಿಮಾನವೇರುತ್ತದೆ. ಕೊಳ್ಳುವವನು ದಂಟು ಬಾಗಿತ್ತೆಂದು ದೂರಿದಾಗ ಅವನ ಭಾಷೆಯಲ್ಲಿ ಉತ್ತರ ಬರೆಯಬಲ್ಲ ಗುಮಾಸ್ತನಿಗೆ ಬೆಲೆಯಿದೆ. ಆದರೆ ಆ ಬಗೆಯ ಪತ್ರವನ್ನು ಬರೆಯುವ ಶಕ್ತಿಯು ಒಂದೆರಡು ಸೆಮಿಸ್ಟರುಗಳ ಪಾಠದಿಂದ ಬರತಕ್ಕದ್ದಲ್ಲ.

ಪಾಠದ ಅವಧಿಗಿಂತ ಇಂತಹ ಶಕ್ತಿಗೇ ಬೆಲೆ ಕೊಡುವ ಕ್ರಮವೂ ಬೇರೆಡೆ ಉಂಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1881ರಲ್ಲಿ ಸ್ಥಾಪಿತವಾದ ವಾರ್ಟನ್ ವ್ಯಾಪಾರವಿದ್ಯಾಶಾಲೆಯು ತನ್ನ ಪದವಿ ವಿದ್ಯಾರ್ಥಿಗಳಿಂದ ಪರಭಾಷಾಜ್ಞಾನವನ್ನು ಅಪೇಕ್ಷಿಸುತ್ತದೆ. ಅಲ್ಲಿ ಮುಖ್ಯವಾದುದು ಪ್ರೌಢಿಮೆ. ಆ ಮಟ್ಟವನ್ನು ಮೊದಲೇ ಮುಟ್ಟಿದವನು ಪರೀಕ್ಷೆಯಲ್ಲಿ ಅದನ್ನು ತೋರಿಸಿ ಪಾಠದಿಂದ ಮುಕ್ತನಾಗಬಹುದು. ವಾರ್ಟನ್ ಸೇರಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಬೋಧನಾಭಾಷೆಗಳಲ್ಲಿ ಕನ್ನಡವೂ ಒಂದಾಗಿ ಬಂದಿರುವುದು ನಮ್ಮವರಿಗೆ ಅಚ್ಚರಿ ತಂದೀತು.

ಕೆಲಮಂಗಲದ ಕನ್ನಡ ಮಕ್ಕಳ ಪಾಡು ಇನ್ನೊಂದು ಬಗೆಯದು. 2006ರ ತಮಿಳು ಕಲಿಕೆಯ ಕಾನೂನಿನಂತೆ ಹತ್ತನೆಯ ತರಗತಿಯ ತನಕ ತಮಿಳನ್ನು ಓದಬೇಕಾದ ಇವರಿಗೆ ಮನೆಯ ಕನ್ನಡವೂ ಶಾಲೆಯ ಇಂಗ್ಲಿಷೂ ಸೇರಿ ಪದವಿಗೆ ಮುನ್ನವೇ ಮೂರು ಭಾಷೆಗಳು ಕೈಸೇರಿರುತ್ತವೆ. ಇವರು ನಾಲ್ಕನೆಯದಾಗಿ ಜಪಾನಿಯನ್ನೋ ಜರ್ಮನನ್ನೋ ನಿಜವಾಗಿ ಕಲಿಯಬಯಸಿದರೆ, ಸೇರುವ ಮೊದಲೇ ಕಾಲೇಜನ್ನು ಕೇಳಬೇಕಾದುದಿಷ್ಟು: ಕಾಯಂ ಅಧ್ಯಾಪಕರು ಇದ್ದಾರೆಯೆ, ಪಾಠವು ಎಷ್ಟು ಸೆಮಿಸ್ಟರುಗಳ ವರೆಗೆ ನಡೆಯುತ್ತದೆ, ಮಾತಿನ ಪರೀಕ್ಷೆಯುಂಟೆ, ಬಿಲ್ಲು, ಕರಾರು, ದೂರುಪತ್ರಗಳನ್ನು ಆ ಭಾಷೆಯಲ್ಲಿ ಬರೆಸುತ್ತಾರೆಯೆ?